ನಮ್ಮ ಸುರಂಗ, ಮೇಲಿನ ಮನೆಯ ಬಾವಿ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಈ ಅಂಕಣಕ್ಕೆ ಬೇರೇನೋ ಬರೆದು ಕಳಿಸಿದ್ದೇನೆ. ಮಂಗಗಳ ಕಾಟದ ಬಗ್ಗೆ ಬರೆದೆ. ಬಾರದ ಬಸ್ಸಿನ ಬಗ್ಗೆ ಬರೆದೆ. ಹಲಸಿನ ಹಪ್ಪಳದ ಬಗ್ಗೆಯಂತೂ ಎರಡು ಸಲ ಬರೆದೆ (ನೀವು ಗಮನಿಸಿ ಬೈದದ್ದೂ ಆಯಿತು). ವಿಷಯ ಇಲ್ಲದೆ ಅಲ್ಲ, ಧೈರ್ಯ ಇಲ್ಲದೆ.

ಮೊನ್ನೆ ಭಾನುವಾರ ನಡೆದದ್ದರ ಮೇಲೆ ಇನ್ನು ಮುಂದೂಡಿ ಪ್ರಯೋಜನವಿಲ್ಲ ಅನ್ನಿಸಿತು.

ಮದುವೆಯಾಗಿ ಹೆಚ್ಚು ದಿನವಾಗದ ಒಂದು ಜೋಡಿ ಮಂಗಳೂರಿನಿಂದ ನಮ್ಮ ಮನೆ ನೋಡಲು ಬಂದಿತ್ತು. ನಮ್ಮದು ಗುತ್ತಿಗಾರಿನಿಂದ ಆಚೆ, ಕಾಡಿನ ಅಂಚಿನ ಗುಡ್ಡದಲ್ಲಿರುವ ಮನೆ. ಅವರಿಗೆ ಎಲ್ಲಾದರೂ ಜಾಗ ತೆಗೆದುಕೊಂಡು ‘ಆಫ್ ಗ್ರಿಡ್’ ಮನೆ ಕಟ್ಟಬೇಕಂತೆ. ಹಾಗೆಂದರೇನು ಎಂದು ಕೇಳಿದೆ.

“ಕರೆಂಟ್ ಬೇಡ ಅಂಕಲ್, ನಳ್ಳಿ ನೀರು ಬೇಡ. ಯಾರ ಮೇಲೂ ಡಿಪೆಂಡ್ ಆಗದೆ ಬದುಕುದು” ಎಂದ ಹುಡುಗ.

“ಹಾಗಾದರೆ ನಾನು ಎಪ್ಪತ್ತರ ದಶಕದಲ್ಲೇ ಆಫ್ ಗ್ರಿಡ್ ಮಾರಾಯ” ಎಂದೆ.

ಒಳಗಿನಿಂದ ನನ್ನ ಹೆಂಡತಿ ಹೇಳಿದಳು, “ಗ್ರಿಡ್ ಇದ್ದರಲ್ಲವಾ ಆಫ್ ಆಗುದು? ಆಗ ಇಲ್ಲಿಗೆ ದಾರಿಯೇ ಇರಲಿಲ್ಲ.”

ಹುಡುಗಿ ಫೋನ್ ಎತ್ತಿ ವಿಡಿಯೋ ಮಾಡತೊಡಗಿದಳು. ನಾನು ಬಿಡುತ್ತೇನೆಯೇ? ಶುರು ಮಾಡಿದೆ.

ಪುತ್ತೂರಿನ ಹತ್ತಿರದ ನಮ್ಮ ಕೂಡುಕುಟುಂಬ ಪಾಲಾದಾಗ ನನಗೆ ಬಂದದ್ದು ಈ ಗುಡ್ಡ. “ಅಲ್ಲಿ ಹಂದಿ ಸಹ ನಿಲ್ಲಲಿಕ್ಕಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವ ನೀನು, ಪೇಟೆಯಲ್ಲಿ ಎಂತಾದರೂ ನೋಡು” ಎಂದ ಅಣ್ಣ. ಅವನು ಹಾಗೆ ಹೇಳಿದ್ದಕ್ಕೇ ನಾನು ಹೊರಟದ್ದು.

ಕೆಳಗೆ ಹರಿಯುವ ತೋಡಿನ (ಸಣ್ಣ ಹೊಳೆಯ) ಪಕ್ಕ ಒಳ್ಳೆಯ ಸಮತಟ್ಟು ಜಾಗ ಇತ್ತು. ಎಲ್ಲರೂ ಅಲ್ಲಿಯೇ ಕಟ್ಟು ಎಂದರು. ನಾನು ಒಂದು ಇಡೀ ಮಳೆಗಾಲ ಏನೂ ಕಟ್ಟದೆ ಸುಮ್ಮನೆ ನೋಡಿದೆ. ಆಟಿ ತಿಂಗಳ ಜಡಿಮಳೆಗೆ ತೋಡು ಉಕ್ಕಿ ಆ ಸಮತಟ್ಟೆಲ್ಲ ನೀರಾಯಿತು. ನೆತ್ತಿಯ ಮೇಲೆ ಕಟ್ಟಿದರೆ ಗಾಳಿಗೆ ಮಾಡು ಹಾರುತ್ತದೆ. ಹಾಗಾಗಿ ಗುಡ್ಡದ ನಡುವೆ ಕಟ್ಟಿದೆ. ಕಲ್ಲಿಗಾಗಿ ಎಲ್ಲಿಗೂ ಹೋಗಲಿಲ್ಲ. ಅಂಗಳ ತಗ್ಗಿಸುವಾಗ ಕಡಿದ ಮುರಕಲ್ಲೇ ಗೋಡೆಯಾಯಿತು. ಮಾಡಿಗೆ ಗುಡ್ಡದ ಮುಳಿಹುಲ್ಲು.

ನನ್ನ ಲೆಕ್ಕಾಚಾರ ಸರಳ. ನೀರು ಮನೆಗಿಂತ ಮೇಲಿರಬೇಕು, ದನದ ಹಟ್ಟಿ ಮನೆಗಿಂತ ಕೆಳಗೆ, ತೋಟ ಹಟ್ಟಿಗಿಂತ ಕೆಳಗೆ. ನೀರು ತಾನಾಗಿ ಮನೆಗೆ ಬರಬೇಕು, ಹಟ್ಟಿ ತೊಳೆದ ನೀರು ತಾನಾಗಿ ತೋಟಕ್ಕೆ ಹೋಗಬೇಕು. ಹೊರುವ ಕೆಲಸ ಇರಬಾರದು. ಯಾವ ಎಂಜಿನಿಯರೂ ಹೇಳಿಕೊಟ್ಟದ್ದಲ್ಲ ಇದು.

ಆದರೆ ಮೇಲೆ ನೀರು ಎಲ್ಲಿಂದ?

ಸುರಂಗದಿಂದ. (ನಮ್ಮ ಕಡೆಯವರು ಈ ಪ್ಯಾರಾ ಬಿಟ್ಟು ಓದಬಹುದು.) ಬಾವಿಯನ್ನು ಕೆಳಕ್ಕೆ ತೋಡುತ್ತಾರೆ, ಸುರಂಗವನ್ನು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆಯುತ್ತಾರೆ, ಒಬ್ಬ ಬಗ್ಗಿಕೊಂಡು ಹೋಗುವಷ್ಟು. ಒರತೆ ಸಿಕ್ಕಿತೆಂದರೆ ನೀರು ತಾನೇ ಹೊರಗೆ ಹರಿದು ಬರುತ್ತದೆ. ಹಗ್ಗ ಬೇಡ, ಪಂಪು ಬೇಡ.

ನಾವು ಗಂಡ ಹೆಂಡತಿ ಎರಡು ಬೇಸಿಗೆ ಕೊರೆದೆವು. ಒಳಗೆ ನನ್ನ ಪಿಕಾಸಿ, ಹೊರಗೆ ಅವಳ ಮಣ್ಣಿನ ಬುಟ್ಟಿ. ಮೇಣದಬತ್ತಿ ಮಂಕಾದರೆ ಒಳಗೆ ಗಾಳಿ ಇಲ್ಲವೆಂದು ಅರ್ಥ, ಎಲ್ಲ ಬಿಟ್ಟು ಹೊರಗೆ ಓಡಬೇಕು. ಎರಡನೆಯ ಬೇಸಿಗೆಯ ಕೊನೆಗೆ ಪಿಕಾಸಿ ಕಿತ್ತ ಜಾಗದಿಂದಲೇ ನೀರು ಬಂತು. ಹೊರಗೆ ಬಂದು ಕೆಸರಿನ ಕೈ ತೋರಿಸಿದೆ. ಅವಳು ಬುಟ್ಟಿ ಮಗುಚಿ ಅದರ ಮೇಲೆ ಕೂತು ಅತ್ತಳು. ಅಡಿಕೆ ಮರ ಸೀಳಿ, ಒಳಗಿನದ್ದು ಕೆತ್ತಿ ದಂಬೆ ಮಾಡಿ, ಒಂದಕ್ಕೊಂದು ಜೋಡಿಸಿ ಅಡುಗೆಮನೆಯ ಹಿಂದಿನ ತನಕ ನೀರು ತಂದೆವು. ಇಂದಿಗೂ ಅದು ನಿಂತಿಲ್ಲ. ದಂಬೆ ಹೋಗಿ ಪೈಪು ಬಂದಿದೆ, ಅಷ್ಟೆ.

ಮಳೆಗಾಲದಲ್ಲಿ ತೋಡು ದಾಟುವ ಕಾಲುಸಂಕ ಕೊಚ್ಚಿಹೋದರೆ ವಾರಗಟ್ಟಲೆ ಹೊರಗಿನ ಮುಖ ಕಾಣುತ್ತಿರಲಿಲ್ಲ. ಹೆದರಿಕೆಯೇ? ಅಟ್ಟದಲ್ಲಿ ಅಕ್ಕಿಮುಡಿ, ಭರಣಿಯಲ್ಲಿ ಉಪ್ಪು ಹಾಕಿದ ಹಲಸಿನ ಸೊಳೆ, ಹಟ್ಟಿಯಲ್ಲಿ ಹಾಲು. ಎಂಬತ್ತರ ದಶಕದಲ್ಲಿ ಗೋಬರ್ ಗ್ಯಾಸ್ ಮಾಡಿಸಿದೆ. ಊರಿಗೆ ಊರೇ ಚಿಮಿಣಿ ಎಣ್ಣೆಗೆ ಕ್ಯೂ ನಿಂತಾಗ ನಮ್ಮಲ್ಲಿ ಒಲೆಯೂ ದೀಪವೂ ಸಗಣಿಯ ಗ್ಯಾಸಿನಿಂದ ಉರಿಯುತ್ತಿದ್ದವು. ಒಮ್ಮೆ ಬಂದು ಎಲ್ಲ ಸುತ್ತಿ ನೋಡಿದ ಅಣ್ಣ, “ನೀನು ಗೆದ್ದೆ ಮಾರಾಯ” ಎಂದ. ಆ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ.

ವಿಡಿಯೋದಲ್ಲಿ ಇಷ್ಟು ಉಂಟು. ಇಲ್ಲದ್ದನ್ನು ಈಗ ಬರೆಯುತ್ತೇನೆ.

ನಮ್ಮ ಮನೆಗಿಂತ ಮೇಲೆ, ಗುಡ್ಡದಲ್ಲಿ ಇನ್ನೊಂದು ಮನೆ ಇತ್ತು. ನಾವು ಬರುವ ಮೊದಲೇ ಇತ್ತು. ಅರೆಭಾಷೆ ಮಾತಾಡುವ ಗೌಡರ ಮನೆ. ಗಂಡ ತೀರಿಹೋದ ಮೇಲೆ ಆ ಮನೆಯ ಅಕ್ಕ ಒಬ್ಬರೇ ನಡೆಸಿಕೊಂಡು ಬಂದದ್ದು. ಎರಡು ದನ, ಸ್ವಲ್ಪ ಬಾಳೆ, ನಾಲ್ಕು ಬಳ್ಳಿ ಕಾಳುಮೆಣಸು, ಒಂದು ಸಣ್ಣ ಬಾವಿ. ನಮ್ಮ ಗೋಡೆ ಏಳುವ ತನಕ ನಾವು ಮಲಗಿದ್ದು ಅವರ ಜಗಲಿಯಲ್ಲಿ, ಕುಡಿದದ್ದು ಅವರ ಬಾವಿಯ ನೀರು.

ಸುರಂಗದಲ್ಲಿ ನೀರು ಸಿಕ್ಕಿದ ಮರುವರ್ಷ ಆ ಬಾವಿ ಬತ್ತಿತು. ಅದುವರೆಗೆ ಒಂದು ಬೇಸಿಗೆಯೂ ಬತ್ತಿರಲಿಲ್ಲ.

“ನಮ್ಮ ಸುರಂಗ ಅವರ ಬಾವಿಯ ಬುಡಕ್ಕೇ ಹೋಗಿದೆ ಅಂತ ಕಾಣ್ತದೆ” ಎಂದಳು ಹೆಂಡತಿ. “ಇದು ಅವರ ನೀರು.”

“ಭೂಮಿಯ ಒಳಗಿನ ನೀರಿಗೆ ಹೆಸರು ಬರೆದಿಟ್ಟಿದ್ದಾರಾ? ಸುಮ್ಮನಿರು” ಎಂದೆ.

ಅವಳು ಹೇಳುವ ಮೊದಲೇ ನನಗೆ ಗೊತ್ತಿತ್ತು. ಸುರಂಗದ ತುದಿಯಲ್ಲಿ ಕೊರೆಯುತ್ತಿದ್ದಾಗ, ತಲೆಯ ಮೇಲೆಲ್ಲೋ ಬಾವಿಯ ನೀರಿಗೆ ಕೊಡ ಬೀಳುವ ಶಬ್ದ ಕೇಳಿಸುತ್ತಿತ್ತು. ಆಗಲೇ ನಿಲ್ಲಿಸಿ ಬೇರೆ ಕಡೆಗೆ ತಿರುಗಿಸಬಹುದಿತ್ತು. ಶಬ್ದ ಬಂದ ಕಡೆಗೇ ಕೊರೆದೆ. ಅಲ್ಲಿ ನೀರುಂಟು ಎಂದು ಖಾತ್ರಿಯಾಯಿತಲ್ಲ.

ಅಕ್ಕ ಕೊಡ ಹಿಡಿದುಕೊಂಡು ಬಂದರು. “ಬಾವಿಯಲ್ಲಿ ತಳ ಕಾಣ್ತದೆ ತಮ್ಮಾ. ಒಂದು ಕೊಡ ಕೊಂಡುಹೋಗ್ತೇನೆ.”

“ಒಂದು ಯಾಕೆ ಅಕ್ಕ, ಬೇಕಾದಷ್ಟು ಕೊಂಡುಹೋಗಿ. ನೀರಿಗೆ ಇಲ್ಲ ಹೇಳುವ ಜನ ನಾನಲ್ಲ.”

ಅವರ ನೀರನ್ನು ಅವರಿಗೇ ದಾನ ಮಾಡಿದೆ. ಸಾಲದೆಂದು ಗುತ್ತಿಗಾರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾ, “ಮೇಲಿನ ಮನೆಗೂ ಈಗ ನಮ್ಮದೇ ನೀರು” ಎಂದು ಹೇಳಿಕೊಂಡೆ. ನಾಲ್ಕು ಜನ ಹೊಗಳಿದರು ಸಹ. ಹೊರುವ ಕೆಲಸವೇ ಇರಬಾರದೆಂದು ಕಟ್ಟಿದ ನನ್ನ ಜಾಗದಲ್ಲಿ, ಪ್ರತಿ ಬೇಸಿಗೆ ಒಬ್ಬರು ಕೊಡ ಹೊತ್ತು ಗುಡ್ಡ ಹತ್ತುತ್ತಿದ್ದರು.

ಹೀಗೆ ಕೆಲವು ಬೇಸಿಗೆ ಕಳೆಯಿತು. ಒಂದು ವರ್ಷ ಕುಂಬಳಕಾಯಿ ಕೊಡಲು ಬಂದ ಅಕ್ಕ ಜಗಲಿಯಲ್ಲಿ ಕೂತು ಹೇಳಿದರು, “ಸುರಂಗದ ಒಳಗೆ ಒಂದು ಮಣ್ಣಿನ ಕಟ್ಟ ಹಾಕಿ ನೋಡುವನಾ ತಮ್ಮಾ? ನಿಮಗೆ ಬೇಕಾದಷ್ಟು ಹೊರಗೆ ಬರಲಿ. ಉಳಿದದ್ದು ಒಳಗೆ ನಿಂತರೆ ನನ್ನ ಬಾವಿಗೆ ಸ್ವಲ್ಪ ಏರಿತೋ ಏನೋ. ಏರದಿದ್ದರೆ ಒಡೆದು ಬಿಡುವ. ದನಗಳಿಗೆ ಹೊರಲಿಕ್ಕೆ ನನಗೆ ಇನ್ನು ಆಗುದಿಲ್ಲ. ಇದೂ ಇಲ್ಲದಿದ್ದರೆ ಜಾಗ ಬಿಟ್ಟು ಹೋಗುದೇ.”

ಅಂದರೆ ಅವರಿಗೆ ಎಲ್ಲ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಒಂದು ದಿನವೂ ಆಡಿ ತೋರಿಸಿರಲಿಲ್ಲ.

“ಕಟ್ಟ ಹಾಕಿದರೆ ಸುರಂಗ ಕುಸಿಯುತ್ತದೆ ಅಕ್ಕ” ಎಂದೆ.

ಸುಳ್ಳು. ಗಟ್ಟಿ ಮುರಕಲ್ಲಿನ ಸುರಂಗ ಅದು, ಒಳಗೆ ಕಟ್ಟ ಹಾಕಿ ನೀರು ನಿಲ್ಲಿಸುವುದು ನಮ್ಮ ಸೀಮೆಯಲ್ಲಿ ಹೊಸತೇನಲ್ಲ. ತೋಟಕ್ಕೆ ನೀರು ಕಡಿಮೆಯಾದೀತು ಎಂಬ ಭಯವೂ ಅಷ್ಟಿರಲಿಲ್ಲ. ಕಟ್ಟ ಹಾಕಿ ಅವರ ಬಾವಿ ತುಂಬಿಬಿಟ್ಟರೆ, ನೀರು ಯಾರದ್ದೆಂದು ಊರಿಗೇ ಗೊತ್ತಾಗುತ್ತಿತ್ತು. ಹೋಟೆಲಿನಲ್ಲಿ ನಾನು ಮುಖ ಎಲ್ಲಿಡುವುದು?

“ಹಾಗೆಯಾ. ಹಾಗಾದರೆ ಬೇಡ. ನಿಮ್ಮ ಸುರಂಗ ಹಾಳಾಗುದು ಬೇಡ” ಎಂದು ಎದ್ದರು.

ಆ ಬೇಸಿಗೆಯಲ್ಲೇ ದನ ಮಾರಿ ಕಡಬದ ಕಡೆ ತಂಗಿಯ ಮನೆಗೆ ಹೊರಟರು. ಇಳಿಯುವ ದಾರಿಯಲ್ಲಿ ನಮ್ಮಲ್ಲಿ ನಿಂತು, ದಂಬೆಗೆ ಕೈಯೊಡ್ಡಿ ನೀರು ಕುಡಿದರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು, “ರುಚಿ ಈಗಲೂ ಹಾಗೆಯೇ ಉಂಟು” ಎಂದರು. ನನ್ನ ಹೆಂಡತಿ ಅವರ ಗಂಟು ಹಿಡಿದು ಕಾಲುಸಂಕದ ತನಕ ಹೋದಳು. ನಾನು ತೋಟದಲ್ಲಿ ಕೆಲಸ ಇದೆಯೆಂದೆ.

ಆಮೇಲೆ ಕಡಬಕ್ಕೆ ಎಷ್ಟೋ ಸಲ ಹೋಗಿದ್ದೇನೆ. ಆ ಮನೆಯ ದಾರಿ ಗೊತ್ತಿತ್ತು. ಒಂದು ಸಲ ತಿರುಗಿದರೆ ಸಾಕಿತ್ತು. ಈಗ ಅಕ್ಕ ಇಲ್ಲ.

ಮನೆಯ ಬಗ್ಗೆ ನನಗೆ ಇಂದಿಗೂ ಹೆಮ್ಮೆಯೇ. ಅದನ್ನು ಮುಚ್ಚಿಡುವುದಿಲ್ಲ. ಜಾಗ ಆರಿಸಿದ್ದು ಸರಿ, ಕಟ್ಟಿದ್ದು ಸರಿ, ಸಗಣಿಯಲ್ಲಿ ದೀಪ ಉರಿಸಿದ್ದು ಸರಿ. ಆದರೆ ಯಾರ ಹಂಗೂ ಇಲ್ಲದೆ ಬದುಕಿದೆ ಎನ್ನುವವರು ಒಮ್ಮೆ ತಮ್ಮ ನೀರು ಎಲ್ಲಿಂದ ಬರುತ್ತದೆಂದು ಹೋಗಿ ನೋಡಬೇಡವೇ?

ಭಾನುವಾರ ಹೊರಡುವ ಹೊತ್ತಿಗೆ ಆ ಹುಡುಗಿ ಫೋನನ್ನು ಗುಡ್ಡದ ಮೇಲಕ್ಕೆ ತಿರುಗಿಸಿದಳು. “ಅಂಕಲ್, ಅಲ್ಲಿ ಪೊದೆಯ ಒಳಗೆ ಹಳೇ ಮನೆಯ ಪಂಚಾಂಗ ಕಾಣ್ತದಲ್ಲ, ಬರೀ ಅಡಿಪಾಯ, ಗೋಡೆ ಇಲ್ಲ. ಯಾರ ಮನೆ ಅದು?”

“ಗೊತ್ತಿಲ್ಲ. ನಾವು ಬರುವ ಮೊದಲಿನದ್ದು” ಎಂದೆ. ಹೆಂಡತಿ ನನ್ನನ್ನು ನೋಡಿದಳು, ಚಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಗೊತ್ತಿದೆ ಮಗಳೇ. ಅದು ದೇವಕಿ ಅಕ್ಕನ ಮನೆ.