ಕಿವಿಯಿರುವ ಕೌದಿ

ಮದುವೆ ಮನೆಗೆ ಹೋದರೂ ನಮ್ಮತ್ತೆ ಪುಟ್ಟಮ್ಮನವರ ಕಣ್ಣು ಮೊದಲು ಹೋಗುತ್ತಿದ್ದುದು ಉಗ್ರಾಣದ ಅಕ್ಕಿ ಮೂಟೆಗೆ. "ಯಾರೇ ಇದನ್ನ ಹೊಲ್ದಿದ್ದು? ಎತ್ತೋರ ಕೈಗೆ ಏನ್ ಸಿಗುತ್ತೆ, ಮಣ್ಣು!" ಎಂದು ಗೊಣಗುವರು. ಬಾಳೂರಿನ ಎಸ್ಟೇಟ್ ಗೋಡೌನಿನಲ್ಲಿ ಮೂವತ್ತು ವರ್ಷ ಕಾಫಿ ಮೂಟೆಗಳ ಬಾಯಿ ಹೊಲಿದವರು ಅವರು. ಮೂಟೆಯ ಎರಡು ಮೂಲೆಯನ್ನೂ ಮುಷ್ಟಿಯಷ್ಟು ಹಿಡಿದು, ದಾರ ಸುತ್ತಿ ಬಿಗಿದು, ಎತ್ತುವವರಿಗೆಂದು 'ಕಿವಿ' ಮಾಡುವುದರಲ್ಲಿ ಅವರದು ಎತ್ತಿದ ಕೈ.

ನಾನು ಬಸುರಿಯಾದಾಗ ಹುಟ್ಟುವ ಮಗುವಿಗೆಂದು ಕೌದಿ ಹೊಲಿಯಲು ಕೂತರು. ಆಗಲೇ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸೋಣ ಎಂದು ನನ್ನ ಗಂಡ ಗೋಗರೆದರೆ, "ಹೆಚ್ಚುಕಮ್ಮಿ ಆದ್ರೆ ಯಾರ್ ಹೊಲಿತಾರೆ? ಇದೊಂದು ಮುಗೀಲಿ ಮಾರಾಯ" ಎನ್ನುವರು. ನಾನು ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಕೆಲಸಕ್ಕೆ ಹೋಗಬೇಕಿತ್ತು. ಸಂಜೆಗೆ ಹತ್ತೂ ಖಾಲಿ.

"ಇಬ್ರು ಅಜ್ಜೀರ ಬಟ್ಟೇನೂ ಇರ್ಬೇಕು ಕಣೆ" ಎಂದರು ಒಂದು ದಿನ. ನನ್ನಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. "ಇಲ್ಲದವಳ ಬಟ್ಟೆ ಎಲ್ಲಿಂದ ತರ್ತೀರಿ? ಸುಮ್ನಿರಿ ಅತ್ತೆ" ಎಂದು ರೇಗಿದೆ. ನನ್ನ ನಾಲಿಗೆಯೇ ಹಾಗೆ. ಮರುದಿನ ನೋಡಿದರೆ ಅತ್ತೆ ಮನೆಯಲ್ಲಿಲ್ಲ. ಆ ಮಂಜುಗಣ್ಣಿನಲ್ಲೇ ಬಸ್ಸು ಹತ್ತಿ ಸಂಸೆಯ ನನ್ನ ತವರಿಗೆ ಹೋಗಿದ್ದರು. ಸಂಜೆ ಬಂದವರೇ ಚೀಲದಿಂದ ಒಂದು ನೀಲಿ ರವಿಕೆ ತೆಗೆದರು.

"ನಿಮ್ಮಪ್ಪ ಟ್ರಂಕಲ್ಲಿ ಇಟ್ಕಂಡಿದ್ರು. ಕೇಳಿದ್ಕೆ ತೆಗ್ದು ಕೊಟ್ರು."

ಅದರಲ್ಲಿ ಮುಖ ಹುದುಗಿಸಿ ನಾನು ಅತ್ತುಬಿಟ್ಟೆ. ಅವರು ಸ್ವಲ್ಪ ಹೊತ್ತು ಬಿಟ್ಟು, "ಅತ್ತಿದ್ ಸಾಕು, ಕತ್ತರಿ ತಾ" ಎಂದರು.

ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಕೌದಿ ಬಿಡಿಸಿದರೆ, ಅಯ್ಯೋ, ಎರಡು ಮೂಲೆಯಲ್ಲಿ ಎರಡು ಕಿವಿ! ಒಂದು ಅತ್ತೆಯ ಹಳೇ ಸೀರೆಯದು, ಇನ್ನೊಂದು ಅಮ್ಮನ ನೀಲಿ ರವಿಕೆಯದು. ಬಂದವರೆಲ್ಲ ನಕ್ಕರು. "ಅತ್ತೆ, ನನ್ನ ಮಗಳೇನು ಕಾಫಿ ಮೂಟೆಯಾ?" ಎಂದುಬಿಟ್ಟೆ.

ಅವರು ಮೂಲೆಗಳನ್ನು ತಡವಿ ನೋಡಿದರು. ಮುಖ ಸಣ್ಣದಾಯಿತು. "ಕೊನೆಕೊನೆಗೆ ಏನೂ ಕಾಣ್ಲಿಲ್ಲ ಕಣೆ. ಕೈ ಹೋದಂಗೆ ಹೊಲ್ದೆ. ತಾ, ಬಿಚ್ತೀನಿ."

ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಬಿಚ್ಚುವುದೆಲ್ಲಿ? ಮಗು ಅಷ್ಟರಲ್ಲಿ ಒಂದು ಕಿವಿಯನ್ನು ಮುಷ್ಟಿಯಲ್ಲಿ ಹಿಡಿದಾಗಿತ್ತು. ಬಿಡಿಸಲು ಹೋದರೆ ಕಿಟಾರನೆ ಕಿರುಚಿತು.

"ಇರ್ಲಿ ಬಿಡಿ ಅತ್ತೆ, ನಿಮ್ಮ ಮೊಮ್ಮಗಳಿಗೆ ಅದೇ ಬೇಕಂತೆ" ಎಂದೆ. ಆಗ ನಕ್ಕರು. ಮುಂದಿನ ವಾರ ಆಪರೇಷನ್ ಆಯಿತು. ಮೊಮ್ಮಗಳ ಮುಖವನ್ನು ಅವರು ಸರಿಯಾಗಿ ಕಂಡದ್ದು ಆಮೇಲೆ.

ಹೋದ ವರ್ಷ ಅತ್ತೆ ಹೋಗಿಬಿಟ್ಟರು. ಮಣ್ಣು ಮುಗಿಸಿ ಎಲ್ಲರೂ ಹಿಂದಿರುಗುವ ಹೊತ್ತಿಗೆ ಐದು ವರ್ಷದ ಮಗಳು ಅತ್ತು ಅತ್ತು, ಅಜ್ಜಿ ಸೀರೆಯ ಕಿವಿ ಹಿಡಿದುಕೊಂಡು ನಿದ್ದೆ ಹೋಗಿದ್ದಳು. ಎರಡನೇ ಸಲ ತಾಯಿಯನ್ನು ಕಳೆದುಕೊಂಡ ನಾನು ಅವಳ ಪಕ್ಕದಲ್ಲಿ ಮಲಗಿ, ಆ ನೀಲಿ ಕಿವಿಯನ್ನು ಹಿಡಿದುಕೊಂಡೆ.