ಸುಮ್ಮನೆ ನಿಲ್ಲಲು ಕಲಿತ ಕುದುರೆ

ಬಿಳಿ ಕುದುರೆ ಕುಣಿಯುವುದನ್ನು ನಾನು ಮೊದಲು ಹತ್ತಿರದಿಂದ ಕಂಡಿದ್ದು ಅಂಜನಾಪುರದಾಚೆಯ ಆಶ್ರಯಧಾಮದಲ್ಲಿ. ಗಾಯವಾಯಿತೆಂದೋ ವಯಸ್ಸಾಯಿತೆಂದೋ ಜನ ಬೀದಿಗೆ ಬಿಟ್ಟ ಕುದುರೆಗಳನ್ನು ತಂದು ಸಾಕುವ ಜಾಗ ಅದು. ಕುಮಾರಸ್ವಾಮಿ ಲೇಔಟ್‌ನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬೆಳಿಗ್ಗೆ ಶಟರ್ ಎತ್ತುವ ಮುಂಚೆ ಸ್ಕೂಟರಿನಲ್ಲಿ ಅಲ್ಲಿಗೆ ಹೋಗಿ, ಲಾಯ ಗುಡಿಸಿ, ಹುಲ್ಲು ಹಾಕಿ ಬರುವುದು ನನಗೆ ರೂಢಿಯಾಗಿ ಹೋಗಿದೆ.

ಆ ಹೆಣ್ಣು ಕುದುರೆ ಬಂದ ದಿನ ನಾವೆಲ್ಲ ಅದರ ಸುತ್ತ ನಿಂತಿದ್ದೆವು. ಮದುವೆಗಳಿಗೆ ಕುದುರೆ ಬಾಡಿಗೆಗೆ ಕೊಡುವ ಯಾರೋ, ಅದು ಕುಂಟತೊಡಗಿದ ಮೇಲೆ ರಸ್ತೆ ಬದಿಯಲ್ಲಿ ಬಿಟ್ಟು ಹೋಗಿದ್ದರು. ಕಾಲು ನೋಡೋಣವೆಂದು ನಮ್ಮಲ್ಲೊಬ್ಬರು ಅದರ ಹೆಗಲ ಮೇಲೆ ಕೈ ಇಟ್ಟರು. ಇಟ್ಟದ್ದೇ ತಡ, ಕುದುರೆ ಕತ್ತು ಬಾಗಿಸಿ, ಮುಂಗಾಲುಗಳನ್ನು ಒಂದಾದ ಮೇಲೊಂದು ಎತ್ತಿ ಕುಣಿಯತೊಡಗಿತು. ನಮಗೆ ಖುಷಿಯೋ ಖುಷಿ. ಎಲ್ಲರೂ ಚಪ್ಪಾಳೆ ತಟ್ಟಿದೆವು. ತಟ್ಟಿದಷ್ಟೂ ಅದು ಕುಣಿಯಿತು.

ಮಾರನೆಯ ದಿನ ಡಾಕ್ಟರು ಬಂದು ನಮ್ಮ ಖುಷಿಯನ್ನೆಲ್ಲ ಇಳಿಸಿದರು. ಮುಂದಿನ ಬಲಗಾಲಿನ ಗೊರಸು ಸೀಳಿ ಒಳಗೆ ಕೀವು ಕಟ್ಟಿತ್ತು. ಗೊರಸು ಕತ್ತರಿಸಬೇಕು, ಆಮೇಲೆ ದಿನಾ ಕಾಲೆತ್ತಿ ತೊಳೆದು ಪಟ್ಟಿ ಕಟ್ಟಬೇಕು. ಹಾಗೆ ದಿನಾ ಕಾಲೆತ್ತಲು ಬಿಡದ ಕುದುರೆಗೆ ದಿನಾ ಮಂಪರಿನ ಇಂಜೆಕ್ಷನ್ ಕೊಡಲಾಗುವುದಿಲ್ಲ. ಔಷಧಿಯಿಂದ ಕೀವನ್ನು ಸ್ವಲ್ಪ ಕಾಲ ತಡೆದಿಡಬಹುದು, ಅಷ್ಟರೊಳಗೆ ಕಾಲು ಕೊಡುವುದನ್ನು ಕಲಿಸಿ ಎಂದರು. ಕೀವು ಮೂಳೆಗೆ ಇಳಿದರೆ ಕೊಲ್ಲುವ ಇಂಜೆಕ್ಷನ್ ಒಂದೇ ಉಳಿಯುವ ದಾರಿ ಎಂದು ಮುಖ ನೋಡದೆ ಹೇಳಿ ಹೋದರು.

ಮುಟ್ಟಿದರೆ ಕುಣಿಯುವ ಕುದುರೆಯ ಕಾಲು ಎತ್ತುವುದು ಹೇಗೆ? ಆಶ್ರಯಧಾಮ ನಡೆಸುವ ಮೇಡಂ ಆಗ ಹೇಳಿದರು, ಕುಣಿತ ಕಲಿಸುವ ಬಗೆಯನ್ನು. ಎರಡು ಕಂಬಗಳ ನಡುವೆ ಕಟ್ಟಿ, ಪಕ್ಕದಲ್ಲಿ ತಮಟೆ ಬಡಿಯುತ್ತ, ಮೊಣಕಾಲಿನ ಕೆಳಗೆ ಕೋಲಿನಲ್ಲಿ ಹೊಡೆಯುತ್ತಾರಂತೆ. ಕಾಲು ಎತ್ತಿದರೆ ಏಟು ತಪ್ಪುತ್ತದೆ. ಇಳಿಸಿದರೆ ಮತ್ತೆ ಬೀಳುತ್ತದೆ. ಕೊನೆಗೆ ಕೋಲೇ ಬೇಕಾಗುವುದಿಲ್ಲ. ತಮಟೆಯ ಸದ್ದೋ, ಚಪ್ಪಾಳೆಯೋ, ಹೆಗಲ ಮೇಲೊಂದು ಕೈಯೋ ಸಾಕು. ಕೇಳಿ ನನಗೆ ಮೈಯೆಲ್ಲ ಉರಿಯಿತು. ಏಟು ತಪ್ಪಿಸಿಕೊಳ್ಳಲು ಒದ್ದಾಡುವುದಕ್ಕೆ ಜನ ಎಷ್ಟು ಸಲೀಸಾಗಿ ಕುಣಿತ ಎಂದು ಹೆಸರಿಟ್ಟುಬಿಟ್ಟಿದ್ದಾರೆ!

ಅಂದಿನಿಂದ ಆಶ್ರಯಧಾಮದಲ್ಲಿ ಚಪ್ಪಾಳೆ ಬಂದ್. ಅಲ್ಲಿಯವರೆಗೆ ಯಾವ ಕುದುರೆ ಏನು ಮಾಡಿದರೂ ಭೇಷ್ ಎಂದು ಚಪ್ಪಾಳೆ ತಟ್ಟುವುದು ನಮ್ಮೆಲ್ಲರ ಚಾಳಿಯಾಗಿತ್ತು. ನಾವು ಮೆಚ್ಚಿದ್ದೇವೆಂದುಕೊಂಡಾಗಲೆಲ್ಲ ಬಿಳಿ ಕುದುರೆಗೆ ಕೋಲು ಕಾಣಿಸುತ್ತಿತ್ತು. ಗೇಟಿಗೆ ಬೋರ್ಡು ಬರೆಸಿ ಹಾಕಿದೆವು. ಬಂದವರಲ್ಲಿ ಅರ್ಧ ಜನ ಅದನ್ನು ಓದುತ್ತಲೇ ಇರಲಿಲ್ಲ. ಅವರ ಜೊತೆ ಜಗಳವಾಡುವ ಕೆಲಸವನ್ನು ನಾನು ಸಂತೋಷವಾಗಿ ವಹಿಸಿಕೊಂಡೆ.

ಮೇಡಂ ನನಗೆ ಕಲಿಸಿದ ಕೆಲಸಕ್ಕೆ ಗ್ರೌಂಡ್‌ವರ್ಕ್ ಎನ್ನುತ್ತಾರೆ. ಕುದುರೆ ಹತ್ತುವ ಮಾತೇ ಇಲ್ಲ. ನೆಲದ ಮೇಲೆ ನಿಂತು, ಬಾಯಿಗೆ ಕಬ್ಬಿಣ ಹಾಕದೆ, ಮುಖಕ್ಕೆ ಬರೀ ಹಗ್ಗದ ಪಟ್ಟಿ ಕಟ್ಟಿ, ಅದರ ಜೊತೆ ನಡೆಯುವುದು, ನಿಲ್ಲುವುದು, ಒಂದು ಹೆಜ್ಜೆ ಹಿಂದೆ ಸರಿಸುವುದು. ಹಗ್ಗವನ್ನು ತುಸು ಬಿಗಿ ಮಾಡಬೇಕು, ಕುದುರೆ ಒಪ್ಪಿಕೊಂಡ ಕ್ಷಣವೇ ಸಡಿಲ ಬಿಡಬೇಕು. ಕಲಿಯುವುದು ಬಿಗಿಯಿಂದಲ್ಲ, ಸಡಿಲ ಬಿಡುವುದರಿಂದ. ನಮ್ಮ ಬಿಳಿ ಕುದುರೆಗೆ ಪಾಠ ಒಂದೇ: ಹೆಗಲ ಮೇಲೆ ಕೈ ಬಂದಾಗ ಸುಮ್ಮನೆ ನಿಂತರೆ, ಕೈ ಹೋಗುತ್ತದೆ.

ಹೇಳಲು ಸುಲಭ. ಕೈ ಇಟ್ಟೊಡನೆ ಅದು ಕುಣಿಯುತ್ತಿತ್ತು. ಕುಣಿಯುವಾಗ ಕೈ ತೆಗೆದರೆ, ಕುಣಿದರೆ ಬಿಡುತ್ತಾರೆ ಎಂಬ ಹಳೆಯ ಪಾಠವೇ ಗಟ್ಟಿಯಾಗುತ್ತದೆ. ಹಾಗಾಗಿ ಅದರ ಜೊತೆಗೇ ನಾನೂ ಓಲಾಡುತ್ತ, ಕೈ ಬಿಡದೆ, ದಮ್ಮಯ್ಯ ನಿಲ್ಲು ಎಂದು ಬೇಡುತ್ತ ಕಾಯುತ್ತಿದ್ದೆ. ದಣಿದು ಅದರ ನಾಲ್ಕು ಕಾಲೂ ನೆಲದ ಮೇಲಿದ್ದ ಆ ಒಂದು ಉಸಿರಿನಲ್ಲಿ ಕೈ ತೆಗೆದು ದೂರ ಸರಿಯಬೇಕು. ಕುದುರೆ ಬೆರಗಾಗಿ ನನ್ನ ಕಡೆ ನೋಡುತ್ತಿತ್ತು. ನಿಂತದ್ದಕ್ಕೆ ಯಾರಾದರೂ ಹೊಡೆಯದೆ ಬಿಟ್ಟದ್ದು ಅದೇ ಮೊದಲಿರಬೇಕು. ಕ್ರಮೇಣ ಕೈ ಹೆಗಲಿನಿಂದ ಮುಂಗಾಲಿನ ಬುಡಕ್ಕೆ, ಅಲ್ಲಿಂದ ಮೊಣಕಾಲಿಗೆ ಇಳಿಯಿತು. ಕಾಲು ಎತ್ತುವುದೊಂದು ಬಾಕಿಯಿತ್ತು.

ಅಷ್ಟರಲ್ಲಿ ನನ್ನ ಅಕ್ಕ ಫೋನ್ ಮಾಡಿದಳು. ಅವಳ ಮನೆ ಜಯನಗರದಲ್ಲಿ. ಮಗನ ಮದುವೆ ಬನಶಂಕರಿಯ ಒಂದು ಮಂಟಪದಲ್ಲಿ ಗೊತ್ತಾಗಿತ್ತು.

"ನಿಮ್ಮಲ್ಲೊಂದು ಬೆಳ್ಳಗಿರೋ ಕುದುರೆ ಇದ್ಯಂತಲ್ಲೇ. ಆರತಕ್ಷತೆ ದಿನ ಒಂದು ಗಂಟೆ ಕಳ್ಸಿಕೊಡಿ ಸಾಕು. ಮೆಯಿನ್ ರೋಡಿಂದ ಮಂಟಪದವರೆಗೆ ಅಷ್ಟೇ. ಡೊನೇಷನ್ ಕೊಡ್ತೀವಿ."

ನಮ್ಮ ಮನೆತನದಲ್ಲಿ ಕುದುರೆಯ ಪದ್ಧತಿ ಎಲ್ಲಿತ್ತು? ನಮ್ಮ ಕಡೆಯ ಗಂಡುಗಳು ಹಣೆಗೆ ವಿಭೂತಿ ಹಚ್ಚಿಕೊಂಡು ಅಚ್ಚುಕಟ್ಟಾಗಿ ನಡೆದು ಬಂದು ಮದುವೆಯಾದವರು. ಭಾವ ಅಕ್ಕನನ್ನು ಮದುವೆಯಾಗಲು ಬಂದದ್ದು ಬಾಡಿಗೆ ಕಾರಿನಲ್ಲಿ. ಈಗ ಯಾರದೋ ಮದುವೆಯ ವಿಡಿಯೋ ನೋಡಿ ಕುದುರೆ ಬೇಕಾಗಿತ್ತು. ಆಗುವುದಿಲ್ಲ, ಅದರ ಕಾಲು ಕೊಳೆಯುತ್ತಿದೆ ಎಂದು ಬಿಡಿಸಿ ಹೇಳಿದೆ. ಅಕ್ಕ ಮೇಲಿಂದ ಮೇಲೆ ಫೋನ್ ಮಾಡಿದಳು. ಕೊನೆಗೆ ನನ್ನನ್ನು ಕೇಳದೆ, ಭಾನುವಾರ ಬೆಳಿಗ್ಗೆ ಮನೆಮಂದಿಯನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಆಶ್ರಯಧಾಮಕ್ಕೇ ಬಂದಳು.

ನಾನು ಔಷಧಿ ಬಕೆಟ್ಟು ತರಲು ಒಳಗೆ ಹೋಗಿದ್ದೆ. ಹೊರಗೆ ಬರುವಷ್ಟರಲ್ಲಿ ಮದುಮಗ ಮೊಬೈಲಿನಲ್ಲಿ ತಮಟೆ ಹಾಡು ಜೋರಾಗಿ ಹಾಕಿಬಿಟ್ಟಿದ್ದ. ಕುದುರೆ ಬೇಲಿಯೊಳಗೆ ಕತ್ತು ಬಾಗಿಸಿ ಕುಣಿಯುತ್ತಿತ್ತು. ಕೀವು ತುಂಬಿದ ಕಾಲನ್ನು ಎತ್ತಿ ಎತ್ತಿ ಕಲ್ಲು ನೆಲಕ್ಕೆ ಇಡುತ್ತಿತ್ತು. ಇಟ್ಟ ಕಡೆಯಲ್ಲೆಲ್ಲ ರಕ್ತದ ಕಲೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಯಾರೋ ಫೋಟೋಗೆಂದು ಸೆಲ್ಫಿ ಕೋಲು ಎತ್ತಿದರು. ಕೋಲು ಕಂಡು ಕುದುರೆ ಇನ್ನೂ ಜೋರಾಯಿತು.

ನಾನು ಬಕೆಟ್ಟು ಎಸೆದು ಹೋಗಿ ಮೊಬೈಲ್ ಕಿತ್ತುಕೊಂಡೆ. ಅಕ್ಕನಿಗೆ ಅವಮಾನವಾಯಿತು.

"ಸುಮ್ನೆ ಆಡ್ಬೇಡ ಕಣೆ. ಎಷ್ಟು ಚೆನ್ನಾಗಿ ಕುಣೀತಿತ್ತು. ನೋವಿದ್ರೆ ಕುಣೀತಿತ್ತಾ?"

"ನೋವಿಗೆ ಹೆದರಿಯೇ ಅಕ್ಕ ಅದು ಕುಣಿಯೋದು. ನೆಲ ನೋಡು."

ಅಕ್ಕ ನೆಲ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು ಕಾರು ಹತ್ತಿದಳು. ಒಂದು ಪ್ರಾಣಿಗಾಗಿ ಒಡಹುಟ್ಟಿದವಳ ಮನಸ್ಸು ನೋಯಿಸಿದೆನೆಂದು ಆಮೇಲೆ ನೆಂಟರೆಲ್ಲ ಸರದಿಯಂತೆ ನನಗೆ ಬುದ್ಧಿ ಹೇಳಿದರು. ಕುದುರೆಯ ಕಾಲಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಮತ್ತೆ ಮೊದಲಿನಿಂದ ಶುರು. ಕುದುರೆ ಈಗ ನನ್ನ ನೆರಳಿಗೂ ಬೆಚ್ಚುತ್ತಿತ್ತು. ಡಾಕ್ಟರು ಬಂದಾಗಲೆಲ್ಲ ಕಾಲಿನ ಊತ ನೋಡಿ, ಇನ್ನು ಹೆಚ್ಚು ಕಾಯುವಂತಿಲ್ಲ ಎನ್ನುತ್ತಿದ್ದರು. ಅಂಗಡಿಯಲ್ಲಿ ಬ್ಲೌಸುಗಳು ರಾಶಿ ಬಿದ್ದವು, ಗಿರಾಕಿಗಳ ಕೈಲಿ ಬೈಸಿಕೊಂಡೆ. ಬೆಳಿಗ್ಗೆ ಮಾತ್ರವಲ್ಲ, ಮಧ್ಯಾಹ್ನವೂ ಬಾಗಿಲು ಹಾಕಿಕೊಂಡು ಓಡಿದೆ. ಹೆಗಲು, ಕಾಲಿನ ಬುಡ, ಮೊಣಕಾಲು. ನಿಂತರೆ ಕೈ ತೆಗೆದೆ. ಕುಣಿದರೆ ಜೊತೆಗೆ ಓಲಾಡಿದೆ.

ಒಂದು ಮಧ್ಯಾಹ್ನ ಮೊಣಕಾಲಿನಿಂದ ಕೆಳಗೆ ಕೈ ಇಳಿಸಿದೆ. ಕುದುರೆ ಮೈ ಬಿಗಿಹಿಡಿಯಿತು, ಕಿವಿ ಹಿಂದೆ ಹಾಕಿತು, ಆದರೆ ನಿಂತಿತು. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟು, ತಾನಾಗಿ ಆ ಕಾಲಿನ ಭಾರವನ್ನು ನನ್ನ ಕೈಗೆ ಕೊಟ್ಟಿತು. ನಾನು ಮೆಲ್ಲಗೆ ಇಳಿಸಿ, ದೂರ ಸರಿದು, ಬೇಲಿಗೆ ಹಣೆ ಕೊಟ್ಟು ಅತ್ತೆ. ಆ ವಾರವೇ ಗೊರಸು ಕತ್ತರಿಸುವವರು ಬಂದರು. ಕೀವು ಹೊರಗೆ ಹರಿಯಿತು. ಪಟ್ಟಿ ಕಟ್ಟಿ ಮುಗಿಸುವವರೆಗೂ ಕುದುರೆ ನನ್ನ ಭುಜಕ್ಕೆ ಮೂತಿ ಒರಗಿಸಿ ನಿಂತಿತ್ತು. ಕಾಲು ಉಳಿಯಿತು ಎಂದರು ಡಾಕ್ಟರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಕ್ಕನ ಮಗನ ಆರತಕ್ಷತೆಗೆ ನಾನು ಹೋದೆ. ಹೋಗದಿರಲು ಆಗುತ್ತದೆಯೇ, ಎತ್ತಿ ಆಡಿಸಿದ ಹುಡುಗ. ಸಂಜೆಯ ಬೆಳಕು ಇನ್ನೂ ಇತ್ತು. ಮಂಟಪದ ಮುಂದಿನ ರಸ್ತೆಯಲ್ಲಿ ಬ್ಯಾಂಡಿನವರು ಇನ್ನೂ ಬಾರಿಸಲು ಶುರುಮಾಡದೆ ಟೀ ಕುಡಿಯುತ್ತಿದ್ದರು. ಅವರ ಪಕ್ಕದಲ್ಲಿ, ಜರಿಯ ಹೊದಿಕೆ ಹೊದಿಸಿದ ಒಂದು ಬಿಳಿ ಕುದುರೆ. ನಮ್ಮದಲ್ಲ. ಎಲ್ಲಿಂದಲೋ ತರಿಸಿದ್ದು. ಬೆನ್ನ ಮೇಲೆ ಮದುಮಗ ಪೇಟ ಸರಿಮಾಡಿಕೊಳ್ಳುತ್ತಿದ್ದ.

ನಾನು ಹತ್ತಿರ ಹೋದೆ. ಪಾಪ, ಅದರ ಹಣೆಯಲ್ಲಿ ಬೆವರಿತ್ತು. ರೂಢಿಯ ಕೈ, ತಾನಾಗಿ ಹೋಗಿ ಅದರ ಹೆಗಲ ಮೇಲೆ ಕೂತಿತು.

ಕುದುರೆ ಕತ್ತು ಬಾಗಿಸಿ ಮುಂಗಾಲು ಎತ್ತಿತು. ಒಂದು, ಆಮೇಲೆ ಇನ್ನೊಂದು. ನೆಂಟರು ಹೋ ಎಂದು ಚಪ್ಪಾಳೆ ತಟ್ಟಿದರು. ಅಕ್ಕ ಎಲ್ಲ ಸಿಟ್ಟು ಮರೆತು ಬಂದು ನನ್ನ ತೋಳು ಹಿಡಿದುಕೊಂಡಳು.

"ನೋಡು, ನಿನ್ನ ಕಂಡ್ರೆ ಅದಕ್ಕೂ ಎಷ್ಟು ಖುಷಿ."

ನಾನು ಕೈ ತೆಗೆದು ದೂರ ಸರಿದು ನಿಂತೆ. ಅದು ನಿಲ್ಲಲಿಲ್ಲ.