ದಡ ಹತ್ತಿದ ದೋಣಿ

ಹ್ಯೂಸ್ಟನ್ನಿನ ಹಡಗು ಕಾಲುವೆಯ ದಂಡೆಯಲ್ಲಿ ಆ ಬೆಳಗ್ಗೆ ಮಂಜು ದಟ್ಟವಾಗಿ ಕವಿದಿತ್ತು. ಎದುರಿನ ದೋಣಿ ಕಣ್ಣಿಗೆ ಕಾಣುತ್ತಿರಲಿಲ್ಲ. ಕಾಣಬಾರದೆಂದೇ ಅಂಥ ದಿನಕ್ಕಾಗಿ ಕಾದಿದ್ದರು. ಕಂಬದ ಮೇಲೆ ಕೂರಿಸಿದ್ದ ಪ್ರಭಾಳ ರೇಡಾರ್ ಆಂಟೆನಾ ಆ ಕಾಣದ ದೋಣಿಯನ್ನು ಪರದೆಯ ಮೇಲೆ ತೋರಿಸಬೇಕಿತ್ತು. ತೋರಿಸಿತು. ಆದರೆ ದೋಣಿ ನೀರಿನಲ್ಲಿರಲಿಲ್ಲ; ದಡ ಹತ್ತಿ ಯಾರದೋ ಗೋದಾಮಿನ ಅಂಗಳದಲ್ಲಿ ನಿಂತಿತ್ತು.

ಬಂದರು ಕಂಪನಿಯ ಇಂಜಿನಿಯರ್ ನಗಲಿಲ್ಲ. ನಕ್ಕಿದ್ದರೆ ಪ್ರಭಾಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆತ ಪರದೆ ನೋಡಿದ, ಕಾಲುವೆಯ ಕಡೆ ನೋಡಿದ, ಕಾಫಿ ಲೋಟ ಕೆಳಗಿಟ್ಟ.

ಪ್ರಭಾ ಮೈಸೂರಿನ ಸರಸ್ವತಿಪುರಂನವಳು. ಈಗ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಮನೆ, ಆಸ್ಟಿನ್ನಿನ ಡೊಮೇನ್ ಬಡಾವಣೆಯ ಹತ್ತಿರ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಕನ್ನಡ ಸಂಘದ ಊಟದ ಸಾಲಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿ, ಅವಳು "ಮೈಕ್ರೋವೇವ್" ಎಂದರೆ ಸಾಕು, ತಮ್ಮ ಮನೆಯ ಓವನ್ ಯಾಕೆ ಸದ್ದು ಮಾಡುತ್ತದೆ ಎಂದು ಶುರು ಮಾಡುತ್ತಿದ್ದರು. ಸುತ್ತಮುತ್ತ ಎಲ್ಲರೂ ಸಾಫ್ಟ್‌ವೇರ್‌ನವರು. ಗಂಡ ರಘೂತ್ತಮನೂ ಅದೇ ಪೈಕಿ. ಕೈಯಲ್ಲಿ ಹಿಡಿದು ತೋರಿಸಬಹುದಾದ ವಸ್ತು ಮಾಡುವವಳು ತಾನೊಬ್ಬಳೇ ಎಂಬ ಜಂಬ ಅವಳಿಗೆ ಇದ್ದೇ ಇತ್ತು. ಇರಲಿ, ಅಷ್ಟು ಜಂಬ ಯಾರಿಗಿರುವುದಿಲ್ಲ?

ಆ ವಸ್ತುವಿನ ಹೆಸರು ಫೇಸ್ ಶಿಫ್ಟರ್. ಆಂಟೆನಾದಲ್ಲಿ ಸಾಲು ಸಾಲಾಗಿ ಪುಟ್ಟ ತಾಮ್ರದ ಚೌಕಗಳಿರುತ್ತವೆ, ಒಂದೊಂದೂ ಒಂದೊಂದು ಅಲೆ ಕಳಿಸುತ್ತದೆ. ಕೋಲಾಟದ ಸಾಲು ತಿರುಗುವಾಗ ಒಬ್ಬರಿಗಿಂತ ಒಬ್ಬರು ಚೂರು ತಡವಾಗಿ ಹೆಜ್ಜೆ ಇಡುತ್ತಾರಲ್ಲ, ಹಾಗೆ ಅಲೆಗಳನ್ನು ಚೂರುಚೂರೇ ತಡಮಾಡಿ ಕಳಿಸಿದರೆ ಆಂಟೆನಾ ಅಲ್ಲಾಡದೆಯೇ ಅದರ ನೋಟ ತಿರುಗುತ್ತದೆ. ಆ ತಡ ಮಾಡಿಸುವುದೇ ಫೇಸ್ ಶಿಫ್ಟರ್ ಕೆಲಸ. ಬೇರೆಯವರು ಅದನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಕೇಬಲ್ಲಿನಿಂದ ಜೋಡಿಸುತ್ತಿದ್ದರು. ಪ್ರಭಾ ಅದನ್ನು ಕಿರುಬೆರಳ ಉಗುರಿಗಿಂತ ಚಿಕ್ಕದು ಮಾಡಿ, ಆಂಟೆನಾ ಇರುವ ಬೋರ್ಡಿನಲ್ಲೇ ಚೌಕಕ್ಕೊಂದರಂತೆ ಸೇರಿಸಿದ್ದಳು. ಅದರೊಳಗಿನ ತಾಮ್ರದ ಗೆರೆಗಳ ನಡುವಿನ ಸಂದು ಕೂದಲೆಳೆಗಿಂತ ಕಿರಿದು. ಮಗಳು ಸುಚೇತಾ ಶಾಲೆಗೆ ಸೇರಿದಾಗ ಶುರು ಮಾಡಿದ ಕೆಲಸ. ಈಗ ಮಗಳು ಕಾರು ಓಡಿಸುತ್ತಿದ್ದಾಳೆ.

ಆ ಕಿರಿದಾದ ಸಂದೇ ಕೈಕೊಟ್ಟಿತು ಎಂದರೆ ಅವಳ ಅಷ್ಟೂ ವರ್ಷ ಮಣ್ಣುಪಾಲು. ಕಂಬದ ಕೆಳಗೆ ನಿಂತು ಅವಳು ಯೋಚಿಸುತ್ತಿದ್ದದ್ದು ಅದೊಂದನ್ನೇ. ಆಸ್ಟಿನ್ನಿನ ಲ್ಯಾಬಿನಲ್ಲಿ ಎಲ್ಲ ಸರಿಯಿತ್ತು. ಇಲ್ಲಿ ಮಾತ್ರ ಯಾಕೆ ಹೀಗೆ?

ಜೊತೆಗೆ ಬಂದಿದ್ದ ಶ್ರೀಶೈಲ್ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಸಾಲು ಪರೀಕ್ಷಿಸಿ, "ಮೂಲ್ಯಾಗಿನ ಶಿಫ್ಟರ್ ಹಿಂದ ಬಿದ್ದೈತ್ರಿ ಅಕ್ಕಾರ. ಮೊದಲನೇದ ತಪ್ಪೈತಿ, ಅದನ್ನ ನೋಡಿ ಹೆಜ್ಜಿ ಇಡೋವು ಎಲ್ಲಾ ತಪ್ಪ್ಯಾವು" ಎಂದ. ಧಾರವಾಡದ ಹುಡುಗ, ಅವಳ ಬೋರ್ಡುಗಳನ್ನೆಲ್ಲ ಮೈಕ್ರೋಸ್ಕೋಪಿನಡಿ ಬೆಸುಗೆ ಹಾಕುವವನು ಅವನೇ. ಕೊನೆಗೆ ಪರೀಕ್ಷೆ ಮಾಡಿ, ಸರಿಯಿದೆ ಎಂದು ಸಹಿ ಹಾಕುವವನೂ ಅವನೇ.

ಆಸ್ಟಿನ್ನಿನಿಂದ ಬಾಸ್ ಕ್ಯಾರೊಲ್ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡಳು.

"ಮೊದಲನೆಯದೊಂದೇ ಕೆಟ್ಟು, ಉಳಿದವು ಅದರಿಂದಲೇ ತಪ್ಪುತ್ತಿದ್ದರೆ ಅದು ಡಿಸೈನಿನ ತಪ್ಪಲ್ಲ ಪ್ರಭಾ. ಬೆಸುಗೆಗೆ ಹಚ್ಚಿದ ಫ್ಲಕ್ಸ್ ಅಂಟನ್ನು ಸರಿಯಾಗಿ ತೊಳೆದಿಲ್ಲ. ಹ್ಯೂಸ್ಟನ್ ಹವೆಗೆ ಆ ಅಂಟು ತೇವ ಹೀರಿದೆ. ಪ್ಲೇನೋದ ಪರೀಕ್ಷಾ ಚೇಂಬರಿನಲ್ಲಿ ತೆರೆದು ನೋಡೋಣ. ಫ್ಲಕ್ಸೇ ಆಗಿದ್ದರೆ ಶ್ರೀಶೈಲ್‌ನನ್ನು ಇಟ್ಟುಕೊಳ್ಳುವುದು ನನಗೆ ಕಷ್ಟ. ಹೋದ ಸಲವೇ ಎಚ್ಚರಿಸಿದ್ದೆ."

ಫೋನ್ ಸ್ಪೀಕರಿನಲ್ಲಿತ್ತು. ಶ್ರೀಶೈಲ್ ಕೇಬಲ್ ಸುತ್ತುತ್ತಾ ನಿಂತಿದ್ದ, ಸುತ್ತುವುದನ್ನು ನಿಲ್ಲಿಸಲಿಲ್ಲ. ಅವನ ವೀಸಾ ಇದ್ದದ್ದು ಕಂಪನಿಯ ಹೆಸರಲ್ಲಿ. ಕೆಲಸ ಹೋದರೆ ಊರಿನ ದಾರಿಯನ್ನೂ ಹಿಡಿಯಬೇಕಾದೀತು.

ಪ್ರಭಾ ಸರಿ ಎಂದು ಫೋನ್ ಇಟ್ಟಳು. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ, ಬೆಳಗ್ಗಿನಿಂದ ನೀರೂ ಇಳಿಯದಿದ್ದ ಅವಳಿಗೆ ಹಸಿವಾಗಿತ್ತು. ಥಾಲಿಯನ್ನು ಪೂರ್ತಿ ಉಂಡಳು, ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ಶ್ರೀಶೈಲ್ ಅನ್ನವನ್ನು ತಟ್ಟೆಯ ಆ ಬದಿಯಿಂದ ಈ ಬದಿಗೆ ಸರಿಸುತ್ತಿದ್ದ.

ಮನೆಯಲ್ಲಿ ರಘೂತ್ತಮ, "ನಿನ್ನ ಡಿಸೈನ್ ಬಚಾವಾಯ್ತಲ್ಲ, ಬಿಡು" ಎಂದ.

"ಆ ಹುಡುಗನ ಗತಿ ಏನು ರೀ?"

"ತೊಳೆಯೋದು ಅವನ ಕೆಲಸ ಅಲ್ವೇನೆ?"

ಸುಚೇತಾ ತಟ್ಟೆಯಿಂದ ತಲೆಯೆತ್ತಿ, "ಬಟ್ ಆರ್ ಯು ಶೂರ್ ಇಟ್ಸ್ ಹಿಮ್, ಅಮ್ಮಾ?" ಎಂದಳು. ಪ್ರಭಾ ಸಾರಿನ ಪಾತ್ರೆ ಒಳಗಿಡಲು ಎದ್ದಳು.

ಪ್ಲೇನೋದ ಆ ಚೇಂಬರ್ ಬಾಡಿಗೆಯದು. ಗೋಡೆ, ನೆಲ, ಚಾವಣಿಗೆಲ್ಲ ಅಲೆಗಳನ್ನು ನುಂಗುವ ನೀಲಿ ಸ್ಪಂಜಿನ ಮೊನೆಗಳು. ದಪ್ಪ ಬಾಗಿಲು ಹಾಕಿದರೆ ಸದ್ದೂ ಒಳಬರುವುದಿಲ್ಲ, ಫೋನೂ ಸತ್ತಂತೆ. ಹ್ಯೂಸ್ಟನ್ನಿನ ಹವೆ ಬರಲೆಂದು ಬೋರ್ಡನ್ನು ಹಿಂದಿನ ದಿನವೇ ತೇವದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಕ್ಯಾರೊಲ್ ಹೊರಗೆ ಅಳತೆಯ ಪರದೆಯ ಮುಂದೆ ಕುಳಿತಳು. ಮೂಲೆಯದು ಹಿಂದೆ ಬಿತ್ತು, ಹ್ಯೂಸ್ಟನ್ನಿನಲ್ಲಿ ಬಿದ್ದಷ್ಟೇ.

"ತೆರೆದು ನೋಡಿ," ಎಂದಳು ಕ್ಯಾರೊಲ್ ಮೈಕಿನಲ್ಲಿ.

ಒಳಗೆ ಶ್ರೀಶೈಲ್ ಮುಚ್ಚಳದ ತಿರುಪುಗಳನ್ನು ಬಿಚ್ಚಿದ. ಪ್ರಭಾ ಮೈಕ್ರೋಸ್ಕೋಪನ್ನು ಎಳೆದುಕೊಂಡು ಮೂಲೆಗೆ ಇಳಿದಳು. ಫ್ಲಕ್ಸ್ ಆದರೆ ಜೇನಿನ ಬಣ್ಣವಿರುತ್ತದೆ, ಹೊಳೆಯುತ್ತದೆ. ಅದಕ್ಕಾಗಿಯೇ ಹುಡುಕಿದಳು. ಬೆಸುಗೆಗಳ ಸುತ್ತ ತೊಳೆದಿಟ್ಟ ಹಾಗೆ ಚೊಕ್ಕಟ. ತಾಮ್ರದ ಗೆರೆಗಳ ನಡುವೆ, ತಾನೇ ಬಿಡಿಸಿದ ಆ ಕಿರಿದಾದ ಸಂದಿನಲ್ಲಿ ಮಾತ್ರ, ಕೆಂಪು ಇತ್ತು.

ಫೋಕಸ್ ತಿರುಗಿಸಿ ಮತ್ತೆ ನೋಡಿದಳು. ಕುಂಕುಮ.

ಆಯುಧಪೂಜೆಯ ದಿನ ಪ್ರತಿ ವರ್ಷ ಅವಳು ಎಲ್ಲರಿಗಿಂತ ಮೊದಲು ಲ್ಯಾಬಿಗೆ ಬರುತ್ತಿದ್ದಳು. ಅಳತೆಯ ಯಂತ್ರಗಳಿಗೂ ಬೆಸುಗೆಯ ಕಡ್ಡಿಗೂ ಒಂದೊಂದು ಬೊಟ್ಟು ಗಂಧ, ಕುಂಕುಮ. ಕ್ಯಾರೊಲ್ ನಗುತ್ತಾ ಮೈಸೂರುಪಾಕ್ ತಿನ್ನುತ್ತಿದ್ದಳು. ಈ ಸಲ ಬೋರ್ಡು ಹ್ಯೂಸ್ಟನ್ನಿಗೆ ಹೊರಟಿತ್ತು. ತಾನು ಹೆತ್ತದ್ದು ಎಂಬ ಅಕ್ಕರೆಗೆ ಅದರ ಮೂಲೆಗೂ ಒಂದು ಬೊಟ್ಟು ಇಟ್ಟು, ಕೈಮುಗಿದು, ಟಿಶ್ಯೂನಿಂದ ಒರೆಸಿದ್ದಳು. ಮೇಲಿನದು ಹೋಯಿತು. ಒದ್ದೆ ಗಂಧದ ಜೊತೆ ಸಂದಿಗೆ ಇಳಿದದ್ದು ಹೋಗಲಿಲ್ಲ. ಆಸ್ಟಿನ್ನಿನ ಎ.ಸಿ.ಯಲ್ಲಿ ಒಣಗಿ ಸುಮ್ಮನಿತ್ತು. ಮಂಜಿನಲ್ಲಿ ನೀರು ಕುಡಿದು ಎದ್ದು ಕೂತಿತು. ಇಷ್ಟು ಓದಿದವಳು, ಬೋರ್ಡನ್ನು ಬರಿಗೈಲಿ ಮುಟ್ಟಿದರೆ ಹುಡುಗರಿಗೆ ಗದರುವವಳು, ಮಾಡಿದ ಘನಕಾರ್ಯ ಅದು.

ಅವಳು ತಲೆಯೆತ್ತಿದಾಗ ಶ್ರೀಶೈಲ್ ಮೈಕ್ರೋಸ್ಕೋಪಿನ ಕಡೆ ಬಗ್ಗಲೂ ಇಲ್ಲ. ಏನು ಕಂಡಿತು ಎಂದು ಕೇಳಲೂ ಇಲ್ಲ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯ ಕಡ್ಡಿ ಆಗಲೇ ಅವನ ಕೈಯಲ್ಲಿತ್ತು.

"ನಿನಗೆ ಗೊತ್ತಿತ್ತಾ?"

"ಸಹಿ ಹಾಕೋ ದಿನಾನ ನೋಡಿದ್ನಿರಿ."

"ಮತ್ತೆ ಯಾಕೆ ತೆಗೀಲಿಲ್ಲ?"

"ಪೂಜಿ ಮಾಡಿ ಹಚ್ಚಿದ್ದು. ಹೆಂಗ ಒರಸ್ಲಿ? ಕೈ ಬರಲಿಲ್ರಿ. ಇಷ್ಟೇ ಇಷ್ಟೈತಿ, ಏನಾಗತೈತಿ ಅಂತ ಬಿಟ್ಟೆ."

"ಅವತ್ತು ಕ್ಯಾರೊಲ್ ನಿನ್ನ ಫ್ಲಕ್ಸ್ ಅಂದಾಗಲಾದರೂ ಹೇಳಬಹುದಿತ್ತಲ್ಲ?"

ಅವನು ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಮತ್ತೊಮ್ಮೆ ಅದ್ದಿದ. ಮೈಕಿನಲ್ಲಿ ಕ್ಯಾರೊಲ್ ದನಿ ಬಂತು: "ಏನಿದೆ? ಫ್ಲಕ್ಸಾ?"

ಇವರ ಕನ್ನಡ ಅವಳಿಗೆ ತಿಳಿಯುತ್ತಿರಲಿಲ್ಲ. ಶ್ರೀಶೈಲ್ ತಗ್ಗಿದ ದನಿಯಲ್ಲೇ ಹೇಳಿದ, "ಹೂಂ ಅಂದುಬಿಡ್ರಿ. ಈಗ ಒರಸಿಬಿಡ್ತೀನಿ. ನನಗ ಬ್ಯಾರೆ ಕಡೆ ಕೆಲಸ ಸಿಕ್ರೂ ಸಿಗಬಹುದು. ನಿಮ್ದು ಇಷ್ಟು ವರ್ಷದ್ದು ಐತಿ."

ಕಡ್ಡಿ ಬೋರ್ಡಿನ ಹತ್ತಿರ ಬಂತು. ಒಮ್ಮೆ ಎಳೆದರೆ ಮುಗಿಯಿತು. ಕೆಂಪೂ ಇಲ್ಲ, ಕಂಡವರೂ ಇಲ್ಲ. ಪ್ರಭಾ ತಡೆಯಲಿಲ್ಲ. ಒಂದು ಗಳಿಗೆ ಅವಳು ನಿಜವಾಗಿಯೂ ತಡೆಯಲಿಲ್ಲ, ನೋಡುತ್ತಾ ನಿಂತಳು. ಆಮೇಲೆ ಅವನ ಮಣಿಕಟ್ಟು ಹಿಡಿದಳು.

"ಮೊದಲು ಫೋಟೋ," ಎಂದಳು.

ಕೆಟ್ಟದ್ದನ್ನು ಮುಟ್ಟುವ ಮೊದಲು ಫೋಟೋ ತೆಗೆಯಬೇಕು. ಆ ಲ್ಯಾಬಿನಲ್ಲಿ ಈ ನಿಯಮ ಮಾಡಿದವಳು ಅವಳೇ. ಮೈಕ್ರೋಸ್ಕೋಪಿನ ಕ್ಯಾಮೆರಾದ ಬಟನ್ ಒತ್ತಿದಳು. ಹೊರಗೆ ಕ್ಯಾರೊಲ್‌ಳ ಪರದೆಯ ತುಂಬ ಕುಂಕುಮ ಹರಡಿತು.

ಬಾಗಿಲು ತೆರೆದು ಕ್ಯಾರೊಲ್ ಒಳಬಂದಳು. "ಪ್ರತಿ ವರ್ಷ ಯಂತ್ರಗಳಿಗೆ ಇಡುತ್ತೀಯಲ್ಲ, ಅದೇನಾ ಇದು?"

"ಅದೇ. ಇಟ್ಟವಳು ನಾನು. ಫ್ಲಕ್ಸ್ ಎಲ್ಲೂ ಇಲ್ಲ, ಅವನ ಬೆಸುಗೆ ಚೊಕ್ಕವಾಗಿದೆ."

"ಕೆಂಪು ನನಗೂ ಕಂಡಿತ್ತು," ಎಂದ ಶ್ರೀಶೈಲ್ ಇಂಗ್ಲಿಷಿನಲ್ಲಿ. "ಕಂಡೂ ಸಹಿ ಹಾಕಿದೆ."

ಕ್ಯಾರೊಲ್ ಬಗ್ಗಿ ಮೈಕ್ರೋಸ್ಕೋಪಿನಲ್ಲಿ ತಾನೇ ಒಮ್ಮೆ ನೋಡಿದಳು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. "ಒರೆಸಿ, ಮತ್ತೆ ಅಳೆಯಿರಿ" ಎಂದಷ್ಟೇ ಹೇಳಿ ಹೊರಗೆ ಹೋದಳು.

ಒರೆಸಿದ ಮೇಲೆ ಮೂಲೆಯದು ಸಾಲಿಗೆ ಬಂತು. ನೋಟ ನೆಟ್ಟಗೆ ನಿಂತಿತು, ಹೇಳಿದ ಕಡೆ ತಿರುಗಿತು. ಅಷ್ಟು ವರ್ಷ ಕಾದಿದ್ದ ಗೆರೆ ಪರದೆಯ ಮೇಲೆ ಕಂಡರೂ ಪ್ರಭಾಗೆ ಸಂತೋಷವಾಗಲಿಲ್ಲ. ಸಂಜೆಗೆ ಮುಂಚೆ ಕ್ಯಾರೊಲ್ ತೀರ್ಮಾನ ಹೇಳಿದಳು. ಫೇಸ್ ಶಿಫ್ಟರ್ ಉಳಿಯುತ್ತದೆ, ಆದರೆ ಈ ಕೆಲಸದ ಮುಖ್ಯಸ್ಥೆ ಇನ್ನು ಪ್ರಭಾ ಅಲ್ಲ. ಹ್ಯೂಸ್ಟನ್ನಿನವರಿಗೆ ನಡೆದದ್ದನ್ನು ಅವಳೇ ಬಾಯಿಬಿಟ್ಟು ಹೇಳಬೇಕು. ಶ್ರೀಶೈಲ್‌ಗೆ ಎಚ್ಚರಿಕೆ, ಕೆಲಸ ಇರುತ್ತದೆ.

ಹ್ಯೂಸ್ಟನ್ನಿನ ಇಂಜಿನಿಯರಿಗೆ ಅಲ್ಲಿಂದಲೇ ಫೋನ್ ಮಾಡಿ ಕುಂಕುಮದೊಳಗಿನ ಅರಿಶಿನ, ಸುಣ್ಣ, ಜೊತೆಗಿನ ಗಂಧ ಎಲ್ಲ ಬಿಡಿಸಿ ಹೇಳಿದಳು. ಆತ ಮತ್ತೆ ಮಂಜು ಬೀಳುವ ದಿನ ತಿಳಿಸುತ್ತೇನೆ ಎಂದ.

ವಾಪಸ್ಸು ಬರುವಾಗ ಹಿಲ್ಸ್‌ಬರೋ ಹತ್ತಿರ ಪೆಟ್ರೋಲಿಗೆ ನಿಲ್ಲಿಸಿದರು. ಶ್ರೀಶೈಲ್ ಜೇಬಿನಿಂದ ಕಾಗದದಲ್ಲಿ ಸುತ್ತಿದ ಹತ್ತಿಯ ಕಡ್ಡಿ ತೆಗೆದ. ಅದರ ತುದಿ ಕೆಂಪಾಗಿತ್ತು. ಚೇಂಬರಿನ ಕಸದ ಬುಟ್ಟಿಗೆ ಹಾಕಲು ಮನಸ್ಸಾಗಿರಲಿಲ್ಲವಂತೆ. ಓಕ್ ಮರದ ಬುಡದಲ್ಲಿ ಮಣ್ಣು ಕೆದರಿ ಹತ್ತಿಯನ್ನು ಇಟ್ಟು ಮುಚ್ಚಿದ. ಪ್ರಭಾ ಪಕ್ಕದಲ್ಲಿ ನಿಂತಿದ್ದಳು. ಕ್ಯಾರೊಲ್‌ಗೆ ಎಲ್ಲ ಹೇಳಿಯಾಗಿತ್ತು, ಇವನಿಗೆ ಹೇಳಬೇಕಾದದ್ದು ಒಂದು ಉಳಿದಿತ್ತು.

"ಶ್ರೀಶೈಲ್, ಅವತ್ತು ಹ್ಯೂಸ್ಟನ್‌ನಲ್ಲಿ ಕ್ಯಾರೊಲ್ ಫ್ಲಕ್ಸ್ ಅಂದಾಗ ನನಗೆ ಸಮಾಧಾನ ಆಯ್ತು ಕಣಪ್ಪ. ನಿನ್ನ ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ."

ಅವನು ಕೈಯ ಮಣ್ಣು ಕೊಡವಿಕೊಂಡ.

"ಗೊತ್ತೈತ್ರಿ ಅಕ್ಕಾರ," ಎಂದ. "ಅವತ್ತು ನೀವು ಹೊಟ್ಟಿ ತುಂಬ ಉಂಡ್ರಿ."

ಅವನು ಹೋಗಿ ಕಾರಿನ ಬಾಗಿಲು ತೆಗೆದು, ಅವಳು ಬರಲೆಂದು ಹಿಡಿದುಕೊಂಡು ನಿಂತ.